ಬಿ.ಎಡ್. ಬೋಧನಾಭ್ಯಾಸ: ಒಂದೇ ಪಾಠಕ್ಕೆ ಒಬ್ಬರು 18, ಇನ್ನೊಬ್ಬರು 24 ಹಾಕಿದರೆ ಸರಾಸರಿ ತೆಗೆದರೆ ಸಾಕೇ?

ಸಾಲದು. ಕಾರವಾರದ ಶಾಲೆಯೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರ (ಶಿಕ್ಷಕ ತರಬೇತಿಯಲ್ಲಿರುವವರ) ಒಂದೇ ಪಾಠ ನೋಡಿದ ಇಬ್ಬರು ವೀಕ್ಷಕರು 25ಕ್ಕೆ 18 ಮತ್ತು 24 ಹಾಕಿದ್ದಾರೆ ಅನ್ನಿ. 21 ಅಂತ ಮಾಡಿಬಿಟ್ಟರೆ ವ್ಯತ್ಯಾಸದ ಕಾರಣ ಹಾಗೇ ಉಳಿಯುತ್ತದೆ.

ಮೊದಲು ಅವರಿಬ್ಬರೂ ಒಟ್ಟಿಗೆ ನೋಡಿದ ಪಾಠಗಳ ಅಂಕಗಳನ್ನು ಅಕ್ಕಪಕ್ಕ ಬರೆಯಿರಿ. ಒಬ್ಬರದು ಎಲ್ಲರಿಗೂ ನಾಲ್ಕೈದು ಕಡಿಮೆ, ಆದರೆ ಮೇಲು-ಕೆಳಗಿನ ಕ್ರಮ ಒಂದೇ ಎಂದಾದರೆ ಅದು ಬರೀ ಕೈಬಿಗಿ, ಸರಿಹೊಂದಿಸಬಹುದು. ಕ್ರಮವೇ ಅದಲುಬದಲಾಗಿದ್ದರೆ ದೋಷ ಹೆಚ್ಚಾಗಿ ವೀಕ್ಷಣಾ ಪಟ್ಟಿಯದು (ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಬರೆದ ಹಾಳೆ). "ಮಕ್ಕಳ ಉತ್ತರಕ್ಕೆ ಸ್ಪಂದನೆ: 5 ಅಂಕ" ಎಂದಷ್ಟೇ ಇದ್ದರೆ ಯಾರಿಗೆ ಏನು ತಿಳಿಯಬೇಕು?

ಪ್ರತಿ ಅಂಶಕ್ಕೂ ನಾಲ್ಕು ಹಂತ ಮಾಡಿ, ಕಣ್ಣಿಗೆ ಕಾಣುವುದನ್ನೇ ಬರೆಯಿರಿ. ಭಿನ್ನರಾಶಿ ಪಾಠದಲ್ಲಿ ಮಗು "1/2ಕ್ಕಿಂತ 1/3 ದೊಡ್ಡದು" ಎಂದಿತು ಅನ್ನಿ. "ತಪ್ಪು, ಕೂತ್ಕೋ" ಎಂದರೆ 1. ಸರಿಯುತ್ತರ ತಾನೇ ಹೇಳಿದರೆ 2. "ಹೇಗೆ ಹೇಳ್ದೆ?" ಎಂದು ಕೇಳಿದರೆ 3. ಮಗುವಿನ ಕಾರಣ ಹಿಡಿದು, ಹಲಗೆಯ ಮೇಲೆ ಒಂದೇ ಉದ್ದದ ಎರಡು ಪಟ್ಟೆ ಎಳೆಸಿ, ಒಂದನ್ನು ಎರಡು, ಇನ್ನೊಂದನ್ನು ಮೂರು ಸಮಭಾಗ ಮಾಡಿಸಿ, ಮಗುವೇ ತಿದ್ದಿಕೊಂಡರೆ 4.

ನಮ್ಮ ಕರಾವಳಿಯ ಪೇಚು ಬೇರೆ. ಮಗು ಕೊಂಕಣಿಯಲ್ಲಿ ಉತ್ತರಿಸಿ, ಪ್ರಶಿಕ್ಷಣಾರ್ಥಿ ಅದನ್ನು ಒಪ್ಪಿಕೊಂಡರೆ ಒಬ್ಬರು ಅಂಕ ಕೊಡುತ್ತಾರೆ, ಇನ್ನೊಬ್ಬರು ಕಡಿಯುತ್ತಾರೆ. ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ "ಧ್ವನಿ"ಗೆ ಅಂಕ ಹಾಕುವುದೂ ಹೀಗೇ. ಎರಡಕ್ಕೂ ನಿಯಮ ಮೊದಲೇ ಬರೆದಿಡಲೇಬೇಕು.

ಆಮೇಲೆ ಮೂರು ವಿಡಿಯೊ ಪಾಠ (ಚೆನ್ನಾದದ್ದು, ಸಾಧಾರಣ, ದುರ್ಬಲ) ವೀಕ್ಷಕರೆಲ್ಲರೂ ನೋಡಿ, ಮಾತಾಡದೆ ಅಂಕ ಹಾಕಿ. ಎಷ್ಟು ನಿಮಿಷಕ್ಕೆ ಏನು ನಡೆಯಿತು ಎಂಬ ಟಿಪ್ಪಣಿ ಮೊದಲು, ಅಂಕ ನಂತರ. ಇಲ್ಲದಿದ್ದರೆ ಅಂದವಾದ ಪಾಠಯೋಜನೆ ಉಳಿದ ಅಂಕಗಳನ್ನೂ ಮೇಲಕ್ಕೆಳೆಯುತ್ತದೆ. ಎರಡು ಹಂತದ ಅಂತರ ಬಂದಲ್ಲಿ ಟಿಪ್ಪಣಿ ಇಟ್ಟುಕೊಂಡೇ ಚರ್ಚಿಸಿ. ಇಂಟರ್ನ್‌ಶಿಪ್ ನಡುವೆ ಇನ್ನೊಮ್ಮೆ ಇದನ್ನೇ ಮಾಡಿ, ಅಳತೆ ಮೆಲ್ಲಗೆ ಜಾರುತ್ತಿರುತ್ತದೆ.

ಶೇಕಡಾ ಹೊಂದಿಕೆಯನ್ನು (ನೂರಕ್ಕೆ ಎಷ್ಟು ಕಡೆ ಇಬ್ಬರ ಅಂಕ ಒಂದೇ ಎಂಬ ಲೆಕ್ಕ) ಪೂರಾ ನಂಬಬೇಡಿ. 20 ಪಾಠಗಳಲ್ಲಿ ಒಂದೇ ಅಂಶಕ್ಕೆ ಇಬ್ಬರೂ ತಲಾ 16ಕ್ಕೆ "3", 4ಕ್ಕೆ "2" ಹಾಕಿ, 16 ಕಡೆ ಹೊಂದಿದರೆ ಶೇ. 80. ಆದರೆ ಅದೃಷ್ಟದಿಂದಲೇ ಶೇ. 68 ಹೊಂದುತ್ತದೆ (0.8×0.8 + 0.2×0.2), ಹಾಗಾಗಿ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ, ಅದೃಷ್ಟದ ಪಾಲು ಕಳೆದು ಹೊಂದಿಕೆ ಅಳೆಯುವ ಕಪ್ಪಾ ಸೂತ್ರದಲ್ಲಿ (ಪೂರ್ತಿ ಹೊಂದಿದರೆ 1, ಬರೀ ಅದೃಷ್ಟವಾದರೆ 0) ಬರುವುದು ಸುಮಾರು 0.38 ಮಾತ್ರ.

ಒಂದು ಪಾಠಕ್ಕೆ ಇಬ್ಬರನ್ನು ಕೂರಿಸುವಷ್ಟು ಜನ ಸದಾ ಸಿಗುವುದಿಲ್ಲ. ಆಗ ಒಬ್ಬೊಬ್ಬ ಪ್ರಶಿಕ್ಷಣಾರ್ಥಿಯ ಪಾಠಗಳನ್ನು ಬೇರೆ ಬೇರೆ ವೀಕ್ಷಕರಿಗೆ ಹಂಚಿ, ಯಾರ ಅಂಕವೂ ಒಬ್ಬರ ಕೈಯಲ್ಲೇ ಉಳಿಯದಂತೆ ಪಟ್ಟಿ ಮಾಡಿ.