ವಿಡಿಯೊ ಪರಿವರ್ತಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ಗೆ ಜಿಪಿಯು ಬ್ಲರ್ ಫಿಲ್ಟರ್ ಬರೆಯಲು ಕುಡಾ ಕಲಿಯಬೇಕೋ, ವಲ್ಕನ್ನೋ?

ವಲ್ಕನ್ ಕಲೀರಿ. ಎರಡೂ ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿಗೆ, ಕೆಲಸ ಹೇಳುವ ವಿಧಾನಗಳು. ಕುಡಾ ಎನ್‌ವಿಡಿಯಾ ಕಾರ್ಡಿನಲ್ಲಿ ಮಾತ್ರ ಓಡುತ್ತದೆ. ವಲ್ಕನ್ ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರರಲ್ಲೂ ನಡೆಯುತ್ತದೆ. ಕಾರ್ಡೇ ಇಲ್ಲದಿದ್ದರೂ ಮೆಸಾ ಡ್ರೈವರುಗಳಲ್ಲಿ ಒಂದಾದ ಲಾವಾಪೈಪ್ (ವಲ್ಕನ್ ಕೆಲಸವನ್ನು ಸಿಪಿಯುನಲ್ಲೇ ಮಾಡುವ ಡ್ರೈವರ್) ಹಾಕಿಕೊಂಡು ಸಿಪಿಯು ಮೇಲೆಯೇ ಪರೀಕ್ಷೆ ಮಾಡಬಹುದು. ನಿಧಾನ, ಆದರೆ ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಲೈಸೆನ್ಸಿನ ತೊಡಕೂ ಒಂದಿದೆ: ಎನ್‌ವಿಡಿಯಾದ ಕಂಪೈಲರ್ ಬಳಸಿ ಎಫ್‌ಎಫ್‌ಎಂಪೆಗ್ ಕಟ್ಟಿದರೆ 'ನಾನ್‌ಫ್ರೀ' ಆಯ್ಕೆ ಕೊಡಬೇಕು, ಆ ಬೈನರಿಯನ್ನು ಮತ್ತೊಬ್ಬರಿಗೆ ಹಂಚುವಂತಿಲ್ಲ. ಕ್ಲ್ಯಾಂಗ್ ಎಂಬ ಮುಕ್ತ ಕಂಪೈಲರ್ ಬಳಸಿದರೆ ಅದು ತಪ್ಪುತ್ತದೆ ಅನ್ನಿ.

ಇನ್ನು ನಿಮ್ಮ ಕೆಲಸದ ವಿಷಯ. ಗದಗಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡ್ತೀನಿ, ಬೀಗರು ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದ ಕ್ಲಿಪ್ಪುಗಳ ಎಡಬಲಕ್ಕೆ ಅದೇ ಚಿತ್ರವನ್ನು ಬ್ಲರ್ ಮಾಡಿ ತುಂಬುವಾಗ ತಡವಾಗುತ್ತದೆ ಎಂದು ಬರೆದಿದ್ದೀರಿ. ಇದಕ್ಕೆ ಹೊಸ ಫಿಲ್ಟರೇ ಬೇಕಿಲ್ಲ. 1920×1080 ಚಿತ್ರವನ್ನು 480×270ಕ್ಕೆ ಇಳಿಸಿ, ಬ್ಲರ್ ಮಾಡಿ, ಮತ್ತೆ ಹಿಗ್ಗಿಸಿ. ಪಿಕ್ಸೆಲ್ಲುಗಳು ಹದಿನಾರನೇ ಒಂದು ಪಾಲಾಗುತ್ತವೆ, ಬ್ಲರ್ ಹರಡುವ ತ್ರಿಜ್ಯವೂ 20 ಪಿಕ್ಸೆಲ್ಲಿನ ಜಾಗದಲ್ಲಿ 5 ಸಾಕು. ಹಿನ್ನೆಲೆ ಹೇಗೂ ಮಸುಕು, ಅಕ್ಷತೆ ಬೀಳುವ ಹೊತ್ತಿನಲ್ಲಿ ಅದನ್ನು ಯಾರು ನೋಡ್ತಾರೆ?

ಆದರೂ ಕಲಿಯಲಿಕ್ಕೆ ಬರೆಯುತ್ತೇನೆ ಎಂದರೆ ಬರೀರಿ, ಒಳ್ಳೆಯ ಕೆಲಸ. ಗಾಸಿಯನ್ ಬ್ಲರನ್ನು (ನೆರೆ ಪಿಕ್ಸೆಲ್ಲುಗಳನ್ನು ದೂರಕ್ಕೆ ತಕ್ಕ ತೂಕ ಕೊಟ್ಟು ಬೆರೆಸುವುದು) ಅಡ್ಡ ಒಮ್ಮೆ, ಉದ್ದ ಒಮ್ಮೆ ಬೇರೆ ಬೇರೆಯಾಗಿ ಮಾಡಬಹುದು. ತ್ರಿಜ್ಯ 20 ಇದ್ದರೆ ಒಂದು ಪಿಕ್ಸೆಲ್ಲಿಗೆ 41×41, ಅಂದರೆ 1681 ಓದುಗಳ ಬದಲು 82. ಎರಡು ನೆರೆ ಪಿಕ್ಸೆಲ್ಲುಗಳ ನಡುವೆ ಸರಿಯಾದ ಜಾಗದಲ್ಲಿ ಟೆಕ್ಸ್ಚರ್ (ಕಾರ್ಡಿನಲ್ಲಿರುವ ಚಿತ್ರ) ಓದಿದರೆ ಕಾರ್ಡಿನ ಲೀನಿಯರ್ ಸ್ಯಾಂಪ್ಲರ್ ಎರಡನ್ನೂ ತೂಕದಂತೆ ಬೆರೆಸಿ ಕೊಡುತ್ತದೆ, ಆ 82 ಕೂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಡ್ಡ ಸುತ್ತಿನ ಫಲಿತಾಂಶವನ್ನು 8 ಬಿಟ್ಟಿಗೆ ಕತ್ತರಿಸಿ ಇಡಬೇಡಿ, 16 ಬಿಟ್ಟಿನಲ್ಲಿಡಿ. ಇಲ್ಲದಿದ್ದರೆ ಸ್ಟೇಜಿನ ದೀಪದ ಸುತ್ತ ಪಟ್ಟೆ ಪಟ್ಟೆ ಕಾಣಿಸುತ್ತದೆ. 4:2:0 ವಿಡಿಯೊದಲ್ಲಿ ಬೆಳಕು, ಬಣ್ಣ ಬೇರೆ ಬೇರೆ ಪ್ಲೇನುಗಳಲ್ಲಿರುತ್ತವೆ, ಬಣ್ಣದವು ಅಗಲ, ಎತ್ತರ ಎರಡರಲ್ಲೂ ಅರ್ಧ ಅಳತೆಯವು. ಅಲ್ಲಿ ತ್ರಿಜ್ಯವನ್ನೂ ಅರ್ಧ ಮಾಡದಿದ್ದರೆ ಕೆಂಪು ಸೀರೆಯ ಬಣ್ಣ ಸೀರೆಗಿಂತ ದೂರ ಹರಡುತ್ತದೆ.

ಒಂದು ವಿಷಯ ಬಹಳ ಮಂದಿ ಗಮನಿಸುವುದಿಲ್ಲ: ಎಫ್‌ಎಫ್‌ಎಂಪೆಗ್‌ನಲ್ಲಿರುವ, ಸಿಪಿಯುನಲ್ಲಿ ಓಡುವ ಜಿಬ್ಲರ್ ಫಿಲ್ಟರ್ ರಿಕರ್ಸಿವ್ ವಿಧಾನ (ಹಿಂದಿನ ಪಿಕ್ಸೆಲ್ಲಿನ ಫಲಿತಾಂಶದಿಂದಲೇ ಮುಂದಿನದನ್ನು ಲೆಕ್ಕಹಾಕುವುದು) ಬಳಸುತ್ತದೆ. ಸಿಗ್ಮಾ, ಅಂದರೆ ಬ್ಲರಿನ ಹರವು, ಎಷ್ಟೇ ಏರಿಸಿದರೂ ಅದರ ಕೆಲಸ ಏರುವುದಿಲ್ಲ. ಜಿಪಿಯುನಲ್ಲಿ ಕರ್ನಲ್ (ಬೆರೆಸುವ ತೂಕಗಳ ಪಟ್ಟಿ) ದೊಡ್ಡದಾದಷ್ಟೂ ಓದುಗಳು ಹೆಚ್ಚುತ್ತವೆ. ಹಾಗಾಗಿ ಜಿಪಿಯು ಅಂದ ಮಾತ್ರಕ್ಕೆ ಗೆಲುವು ಗ್ಯಾರಂಟಿ ಅಲ್ಲ.

ಅದಕ್ಕಿಂತ ದೊಡ್ಡ ಖರ್ಚು ಸಿಪಿಯು, ಕಾರ್ಡಿನ ನಡುವೆ ಫ್ರೇಮಿನ ಓಡಾಟ. 1080ಪಿ ಫ್ರೇಮು ಸುಮಾರು 3.1 ಎಂಬಿ, ಸೆಕೆಂಡಿಗೆ 30ರಂತೆ 93 ಎಂಬಿ. ಪಿಸಿಐ ಎಕ್ಸ್‌ಪ್ರೆಸ್‌ಗೆ ಇದೇನೂ ಭಾರವಲ್ಲ. ಸಮಯ ತಿನ್ನುವುದು ಪ್ರತಿ ಸಲ ಸಿಪಿಯು, ಜಿಪಿಯು ಒಂದಕ್ಕೊಂದು ಕಾಯುವುದು. ಚಿಗರಿ ಬಸ್ಸು ಎಷ್ಟೇ ಜೋರು ಹೋದರೂ, ಒಂದೊಂದು ಸಹಿಗೆ ಒಂದೊಂದು ಸಲ ಹುಬ್ಬಳ್ಳಿಯಿಂದ ಧಾರವಾಡದ ಡಿಸಿ ಆಫೀಸಿಗೆ ಹೋಗಿಬಂದರೆ ದಿನ ಮುಗಿದಂತೆಯೇ. ಡಿಕೋಡ್, ಬ್ಲರ್, ಎನ್‌ಕೋಡ್ ಮೂರೂ ಕಾರ್ಡಿನಲ್ಲೇ ನಡೆದರೆ ಲಾಭ. ನಡುವೆ ಒಂದು ಸಿಪಿಯು ಫಿಲ್ಟರ್ ಬಂತೆಂದರೆ ಎಚ್‌ಡಬ್ಲ್ಯೂಡೌನ್‌ಲೋಡ್, ಎಚ್‌ಡಬ್ಲ್ಯೂಅಪ್‌ಲೋಡ್ (ಫ್ರೇಮನ್ನು ಕಾರ್ಡಿನಿಂದ ಇಳಿಸುವ, ಮತ್ತೆ ಏರಿಸುವ ಫಿಲ್ಟರುಗಳು) ಎರಡೂ ಬೇಕು. ಮೊದಲು ಫಿಲ್ಟರ್ ಇಲ್ಲದೆ, ಆಮೇಲೆ ಫಿಲ್ಟರ್ ಹಾಕಿ, ಔಟ್‌ಪುಟ್ಟನ್ನು ನಲ್‌ಗೆ (ಎಲ್ಲೂ ಉಳಿಸದ ಔಟ್‌ಪುಟ್) ಕೊಟ್ಟು ಅಳೆದು ನೋಡ್ರಿ. ತಡವಾಗುತ್ತಿರುವುದು ಬ್ಲರಿನಲ್ಲಲ್ಲ, ಎನ್‌ಕೋಡಿನಲ್ಲಿ ಅಂತಲೂ ಹೊರಬೀಳಬಹುದು.

ಓದಲಿಕ್ಕೆ ಬೇರೆ ಪುಸ್ತಕ ಬೇಡ. ಎಫ್‌ಎಫ್‌ಎಂಪೆಗ್‌ನಲ್ಲಿ ಜಿಬ್ಲರ್ ವಲ್ಕನ್, ಆವರೇಜ್ ಬ್ಲರ್ ವಲ್ಕನ್ ಎರಡೂ ಈಗಾಗಲೇ ಇವೆ, ಲಿಬ್‌ಎವಿಫಿಲ್ಟರ್ ಫೋಲ್ಡರಿನಲ್ಲಿ ಸಿಗುತ್ತವೆ. ಜಿಬ್ಲರಿನದನ್ನು ನಕಲು ಮಾಡಿ, ಹೆಸರು ಬದಲಿಸಿ, ಮೊದಲು ಬ್ಲರನ್ನೇ ತೆಗೆದುಹಾಕಿ ಚಿತ್ರ ಇದ್ದಂತೆ ಹೊರಬರುವ ಹಾಗೆ ಮಾಡ್ರಿ. ಆಮೇಲೆ ಕಪ್ಪು ಫ್ರೇಮಿನಲ್ಲಿ ಒಂದೇ ಬಿಳಿ ಚುಕ್ಕೆ ಇಟ್ಟು ಓಡಿಸಿ, ಅದು ನಾಲ್ಕೂ ಕಡೆ ಸಮನಾಗಿ ಹರಡಬೇಕು. ಚುಕ್ಕೆಯನ್ನು ಮೂಲೆಗೆ ಸರಿಸಿ ಇನ್ನೊಮ್ಮೆ ನೋಡಿ. 16ರಿಂದ ಭಾಗವಾಗದ ಅಗಲದ ಫ್ರೇಮನ್ನೂ ಕೊಟ್ಟು ನೋಡಿ, ಅಂಚಿನ ದೋಷ ಹೆಚ್ಚಾಗಿ ಅಲ್ಲೇ ಸಿಗುವುದು.