ಸೂಪರ್‌ವೈಸರ್ ಕಿರುಕುಳ ಕೊಟ್ಟರೆ ಕಂಪನಿ ಹೊಣೆಯಾ?

ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ನಿಮ್ಮ ತಂಗಿಗೆ ಲೈನ್ ಸೂಪರ್‌ವೈಸರ್ ಮೈ ಮುಟ್ಟಿ ಮಾತಾಡುತ್ತಾನೆ. ಬೇಡ ಅಂದರೆ ಟಾರ್ಗೆಟ್ ಏರಿಸುತ್ತಾನೆ. ಹೆಚ್‌ಆರ್‌ಗೆ ಹೇಳಿದರೆ "ಅದು ನಿಮ್ಮಿಬ್ಬರ ಪರ್ಸನಲ್ ವಿಷಯ" ಅಂದರು. ಇದು ಸರೀನಾ ಅಂತ ಕೇಳಿದ್ದೀರಿ.

ಖಂಡಿತ ಸರಿಯಲ್ಲ. ನಾನು ಒಂದು ಕಾರ್ಖಾನೆಯ ಆಂತರಿಕ ಸಮಿತಿಯಲ್ಲಿ, ಅಂದರೆ ಇಂಥ ದೂರುಗಳನ್ನು ವಿಚಾರಿಸಲು ಕಂಪನಿಯೊಳಗೇ ಇರಬೇಕಾದ ಸಮಿತಿಯಲ್ಲಿ, ಹೊರಗಿನ ಸದಸ್ಯೆ. ಇದೇ ಮಾತನ್ನು ಅಲ್ಲೂ ಕೇಳಿದ್ದೇನೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ (ಪಾಶ್ ಕಾಯ್ದೆ) ಪ್ರಕಾರ ಕೆಲಸದ ಜಾಗವನ್ನು ಸುರಕ್ಷಿತವಾಗಿ ಇಡುವುದೇ ಮಾಲೀಕರ ಕೆಲಸ. ಬೇಡ ಅಂದದ್ದಕ್ಕೆ ಟಾರ್ಗೆಟ್ ಏರಿಸಿ ಕಾಡುವುದೂ ಕಿರುಕುಳವೇ. ಗುತ್ತಿಗೆ ಮೇಲೆ ಇದ್ದರೂ, ಕಂಪನಿ ವ್ಯಾನಿನಲ್ಲಿ ನಡೆದರೂ ಕಾಯ್ದೆ ಅನ್ವಯಿಸುತ್ತದೆ.

ಆದರೆ ಒಂದು ವಿಷಯ ನೇರವಾಗಿ ಹೇಳುತ್ತೇನೆ. ತಪ್ಪು ಸಾಬೀತಾದರೆ ಪರಿಹಾರದ ದುಡ್ಡು ಸಾಮಾನ್ಯವಾಗಿ ಆ ಸೂಪರ್‌ವೈಸರ್ ಸಂಬಳದಿಂದ ಕಡಿತ ಆಗುತ್ತದೆ, ಕಂಪನಿ ಜೇಬಿನಿಂದಲ್ಲ. ಈ ಕಾಯ್ದೆಯಲ್ಲಿ ಕಂಪನಿ ಸಿಕ್ಕಿಬೀಳುವುದು ತಾನು ಮಾಡದೆ ಬಿಟ್ಟದ್ದಕ್ಕೆ. ಸಮಿತಿ ಮಾಡಿಲ್ಲ, ಸಮಿತಿಯ ವರದಿ ಬಂದರೂ ಕ್ರಮ ತಗೊಂಡಿಲ್ಲ ಅಂದರೆ 50,000 ರೂಪಾಯಿವರೆಗೆ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ದಂಡ ಡಬಲ್, ಲೈಸೆನ್ಸ್ ಕೂಡ ರದ್ದಾಗಬಹುದು. ದೊಡ್ಡ ಫ್ಯಾಕ್ಟರಿಗೆ 50,000 ಯಾವ ಲೆಕ್ಕ ಬಿಡಿ. ನನಗೆ ಕಂಡಂತೆ ಅವರು ಹೆದರುವುದು ಲೈಸೆನ್ಸಿಗೆ, ಆಮೇಲೆ ಬಟ್ಟೆ ಕೊಳ್ಳುವ ಬ್ರ್ಯಾಂಡ್‌ನವರ ಆಡಿಟ್‌ಗೆ.

ಅದಕ್ಕೇ ಬಾಯಿಮಾತಲ್ಲಿ ನಿಲ್ಲಿಸಬೇಡಿ. ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಸಮಿತಿಗೆ ದೂರು ಬರೆದು ಕೊಡಲಿ. ನಿಯಮದ ಪ್ರಕಾರ 6 ಪ್ರತಿ ಬೇಕು, ಸಾಕ್ಷಿಗಳ ಹೆಸರು, ವಿಳಾಸ ಸಮೇತ. ಇನ್ನೊಂದು ಪ್ರತಿ ಮಾಡಿ, ಆ ಏಳನೆಯದರ ಮೇಲೆ "ತಲುಪಿದೆ" ಅಂತ ಸಹಿ, ತಾರೀಕು ಹಾಕಿಸಿ ನೀವೇ ಇಟ್ಟುಕೊಳ್ಳಿ. ಅವಳಿಗೆ ಬರೆಯೋಕೆ ಬರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ.

ವಿಚಾರಣೆ ಮುಗಿಸೋಕೆ 90 ದಿನ ಇದೆ. ಅಷ್ಟು ದಿನ ಅವನ ಕೈಕೆಳಗೇ ದುಡಿಯೋದು ಹೇಗೆ, ಅಲ್ವಾ? ದೂರಿನ ಜೊತೆಗೇ ಅವನನ್ನು ಬೇರೆ ಲೈನಿಗೆ ಹಾಕಿ ಅಂತ ಬರೆದು ಕೇಳಲಿ. ಸುಮ್ನಿದ್ದರೆ ಹೆಣ್ಣುಮಗಳನ್ನೇ ಎತ್ತಿ ಬೇರೆ ಫ್ಲೋರಿಗೆ ಹಾಕಿಬಿಡುತ್ತಾರೆ. ಅವಳ ಕೆಲಸದ ಬಗ್ಗೆ ಅವನು ವರದಿ ಬರೆಯದಂತೆ ತಡೆಯಲೂ ಕೇಳಬಹುದು. 3 ತಿಂಗಳವರೆಗೆ ರಜೆಯನ್ನೂ ಕೇಳಬಹುದು, ಅದು ಅವಳ ಮಾಮೂಲಿ ರಜೆಯಲ್ಲಿ ಕಡಿತ ಆಗುವುದಿಲ್ಲ.

ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಪೊಲೀಸ್ ದಾರಿಯೂ ಇದೆ. ಅವಳು ಬಯಸಿದರೆ ಅದಕ್ಕೆ ಕಂಪನಿ ನೆರವಾಗಲೇಬೇಕು.

ಹೆಚ್‌ಆರ್ ಹೇಳಿದ ಆ "ಪರ್ಸನಲ್" ಮಾತನ್ನೂ ದೂರಿನಲ್ಲಿ ಸೇರಿಸಿ. ಯಾವತ್ತು ಹೇಳಿದರು, ಯಾರು ಹೇಳಿದರು, ಪಕ್ಕದಲ್ಲಿ ಯಾರಿದ್ದರು ಅನ್ನೋದನ್ನೂ ಬರೆಯಿರಿ. ಆಮೇಲೆ ಕಂಪನಿ ನಮಗೆ ಗೊತ್ತೇ ಇರಲಿಲ್ಲ ಅನ್ನೋ ಹಾಗಿಲ್ಲ.