ಇಂಜೆಕ್ಷನ್ನಿನ ಹೊತ್ತು ಮೀರಿದ ಮೇಲೆ: ಪಾರ್ಶ್ವವಾಯುವಿನ ಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರೇ, ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದ ನಮ್ಮ ಯಜಮಾನರಿಗೆ (61 ವರ್ಷ) ಇದ್ದಕ್ಕಿದ್ದಂತೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮಾತು ನಿಂತುಹೋಯಿತು. ಊರಿನಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಿ ಸೇರುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಹೊತ್ತು ಮೀರಿದೆ ಎಂದ ವೈದ್ಯರು, ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಮಿದುಳಿನ ಹೆಪ್ಪನ್ನು ಎಳೆದು ತೆಗೆಯಬಹುದು ಎಂದರು. ನಾನು ಸಹಿ ಹಾಕಿದೆ. ಈಗ ಅವರು ಕೋಲೂರಿ ನಡೆಯುತ್ತಾರೆ, ಸ್ನಾನ ಊಟ ತಾವೇ ಮಾಡುತ್ತಾರೆ, ಮಾತು ಮಾತ್ರ ತಡವರಿಸುತ್ತದೆ. ಇದು ನೆದರ್ಲೆಂಡ್ಸ್‌ನವರು ಸಾಧಿಸಿ ತೋರಿಸಿದ ಚಿಕಿತ್ಸೆ ಎಂದು ಅಲ್ಲಿರುವ ಮಗಳು ಹೇಳುತ್ತಾಳೆ. ನಿಮ್ಮವರ ಮೇಲೆ ಪ್ರಯೋಗ ಮಾಡಿದ್ದಾರೆ ಎಂದು ನೆಂಟರು ಹೇಳುತ್ತಾರೆ. ಯಾವುದನ್ನು ನಂಬಲಿ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮಗಳ ಮಾತನ್ನು ನಂಬಿ. ನಿಮ್ಮ ಪತಿಗೆ ಮಾಡಿದ್ದು ಪ್ರಯೋಗವಲ್ಲ. ಪ್ರಯೋಗ ನಡೆದು, ಅದರ ಫಲ 2015ರಲ್ಲೇ ಪ್ರಕಟವಾಗಿದೆ. ನೀವು ಅಂದು ಹಾಕಿದ ಸಹಿ ಸರಿಯಾದ ಸಹಿ.

ಬಲಭಾಗದ ಕೈಕಾಲು ಮತ್ತು ಮಾತು ಒಟ್ಟಿಗೆ ಹೋದವೆಂದರೆ, ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳವೊಂದರಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದು ವೈದ್ಯರು ಶಂಕಿಸುತ್ತಾರೆ. ರಕ್ತ ಪೂರ್ತಿ ನಿಂತ ನಡುಭಾಗ ಬೇಗ ಸಾಯುತ್ತದೆ. ಅದರ ಸುತ್ತಲಿನ ಭಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಜಿನುಗಿ ಬರುವ ರಕ್ತದ ಮೇಲೆ ಕೆಲಸ ನಿಲ್ಲಿಸಿಯೂ ಜೀವ ಹಿಡಿದುಕೊಂಡಿರುತ್ತದೆ. ಚಿಕಿತ್ಸೆಯೆಲ್ಲ ಈ ಅಂಚಿನ ಭಾಗವನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ಲಾಸ್ ಏಂಜಲಿಸ್‌ನ ನರರೋಗತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ದೊಡ್ಡ ನಾಳ ಮುಚ್ಚಿದ ಸಾಮಾನ್ಯ ರೋಗಿಯೊಬ್ಬರಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ.

ಆಲ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂಬುದನ್ನು ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಅಧ್ಯಯನ 1995ರಲ್ಲಿ ಸಿದ್ಧಪಡಿಸಿತು. ಯುರೋಪಿನ ಇನ್ನೊಂದು ಅಧ್ಯಯನ 2008ರಲ್ಲಿ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆದರೆ ಆ ಮದ್ದಿಗೆ ಒಂದು ಮಿತಿಯಿದೆ. ದೊಡ್ಡ ನಾಳದಲ್ಲಿ ಕೂತ ಉದ್ದನೆಯ ಹೆಪ್ಪು ಅದಕ್ಕೆ ಸುಲಭವಾಗಿ ಕರಗುವುದಿಲ್ಲ. ಕರಗದಿದ್ದರೆ ಎಳೆದು ತೆಗೆಯೋಣ ಎಂಬ ಆಲೋಚನೆ ಬಹಳ ಕಾಲದಿಂದ ಇತ್ತಾದರೂ, 2013ರ ಆರಂಭದಲ್ಲಿ ಒಟ್ಟಿಗೇ ಪ್ರಕಟವಾದ ಮೂರು ಅಧ್ಯಯನಗಳೂ ಅದರಿಂದ ಹೆಚ್ಚಿನ ಲಾಭ ಕಾಣುತ್ತಿಲ್ಲ ಎಂದವು. ಅವುಗಳಲ್ಲಿ ದೊಡ್ಡದು 656 ರೋಗಿಗಳನ್ನು ಒಳಗೊಂಡಿತ್ತು ಮತ್ತು ಅದನ್ನು ಅರ್ಧಕ್ಕೇ ನಿಲ್ಲಿಸಲಾಗಿತ್ತು. ಆ ವಿಧಾನದ ಕತೆ ಮುಗಿಯಿತೆಂದು ಅನೇಕರು ಭಾವಿಸಿದರು.

ಆಗ ನೆದರ್ಲೆಂಡ್ಸ್‌ನಲ್ಲಿ ರಾಟರ್‌ಡ್ಯಾಮಿನ ನರರೋಗತಜ್ಞ ಡೀಡರಿಕ್ ಡಿಪ್ಪೆಲ್, ಆಮ್‌ಸ್ಟರ್‌ಡ್ಯಾಮಿನ ವಿಕಿರಣತಜ್ಞ ಚಾರ್ಲ್ಸ್ ಮಾಯೊಯಿ ಮತ್ತು ಅವರ ಸಹೋದ್ಯೋಗಿಗಳು 2010ರ ಕೊನೆಯಲ್ಲಿ ಆರಂಭಿಸಿದ್ದ ಅಧ್ಯಯನ ನಡೆಯುತ್ತಲೇ ಇತ್ತು. ಅದರ ಹೆಸರು ‘ಎಂಆರ್ ಕ್ಲೀನ್’. ಪ್ರತಿಕೂಲ ಫಲಿತಾಂಶಗಳ ನಡುವೆಯೂ ಅವರು ಕೈಬಿಡಲಿಲ್ಲ. ಹಿಂದಿನ ಅಧ್ಯಯನಗಳು ಸೋತದ್ದಕ್ಕೆ ಗುರುತಿಸಬಹುದಾದ ಕಾರಣಗಳಿದ್ದವು: ಹೆಚ್ಚಿನವರಿಗೆ ಹಳೆಯ ಬಗೆಯ ಸಾಧನಗಳನ್ನೇ ಬಳಸಲಾಗಿತ್ತು, ಚಿಕಿತ್ಸೆ ತಡವಾಗಿ ಶುರುವಾಗುತ್ತಿತ್ತು, ಮತ್ತು ದೊಡ್ಡ ನಾಳ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನು ಎಲ್ಲರಲ್ಲೂ ಮೊದಲೇ ಚಿತ್ರ ತೆಗೆದು ಖಚಿತಪಡಿಸಿಕೊಂಡಿರಲಿಲ್ಲ. ಎಳೆಯಲು ಹೆಪ್ಪೇ ಇಲ್ಲದ ರೋಗಿಯನ್ನೂ ಲೆಕ್ಕಕ್ಕೆ ಸೇರಿಸಿದರೆ ಯಾವ ಸಾಧನ ತಾನೇ ಗೆದ್ದೀತು? ಡಚ್ಚರು ನಾಳ ಮುಚ್ಚಿರುವುದನ್ನು ಚಿತ್ರದಲ್ಲಿ ಕಂಡ ಮೇಲೆಯೇ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡರು, ಮತ್ತು ಹೆಪ್ಪು ತೆಗೆಯಲು ಆಯ್ಕೆಯಾದ ಹತ್ತರಲ್ಲಿ ಎಂಟು ಮಂದಿಗೆ ಅದನ್ನು ಬಲೆಯಂತೆ ಹಿಡಿದು ಹೊರತರುವ ಹೊಸ ಬಗೆಯ ಸ್ಟೆಂಟನ್ನು ಬಳಸಿದರು. ಆ ದೇಶದ ವ್ಯವಸ್ಥೆಯೂ ಅವರ ಬೆನ್ನಿಗೆ ನಿಂತಿತು. 2013ರಿಂದ ಅಲ್ಲಿ ಈ ಚಿಕಿತ್ಸೆಯ ಖರ್ಚನ್ನು ಅಧ್ಯಯನದೊಳಗೆ ಮಾಡಿದರೆ ಮಾತ್ರ ಭರಿಸಲಾಗುತ್ತಿತ್ತು. ಹೀಗಾಗಿ ಸಾಬೀತಾಗದ ಚಿಕಿತ್ಸೆ ಹೊರಗೆ ಅಂದಾಜಿನ ಮೇಲೆ ಹಬ್ಬದೆ, ಉತ್ತರ ಬೇಗ ಸಿಕ್ಕಿತು. ನಮ್ಮ ದೇಶವೂ ಗಮನಿಸಬೇಕಾದ ವಿವೇಕವಿದು ಎಂದು ನಾನು ದೃಢವಾಗಿ ನಂಬುತ್ತೇನೆ.

16 ಆಸ್ಪತ್ರೆಗಳಲ್ಲಿ 500 ರೋಗಿಗಳು ಸೇರಿದರು. ಯಾರಿಗೆ ಹೆಪ್ಪು ತೆಗೆಯಬೇಕು, ಯಾರಿಗೆ ಎಂದಿನ ಚಿಕಿತ್ಸೆ ಮಾತ್ರ ಕೊಡಬೇಕು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಎರಡೂ ಗುಂಪಿನ ಹೆಚ್ಚಿನವರಿಗೆ ಮೊದಲು ಇಂಜೆಕ್ಷನ್ ಕೊಡಲಾಗಿತ್ತು. ಹೆಪ್ಪು ತೆಗೆಯುವ ಕೆಲಸ ಆರು ಗಂಟೆಯೊಳಗೆ ಆರಂಭವಾಗಬೇಕಿತ್ತು. 90 ದಿನಗಳ ನಂತರ, ರೋಗಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂದು ತಿಳಿಯದ ಸಿಬ್ಬಂದಿಯೊಬ್ಬರು ಫೋನ್ ಮಾಡಿ ಅವರು ಹೇಗಿದ್ದಾರೆಂದು ವಿಚಾರಿಸುತ್ತಿದ್ದರು. ಇನ್ನೊಬ್ಬರ ನೆರವಿಲ್ಲದೆ ತಮ್ಮ ದಿನನಿತ್ಯದ ಕೆಲಸ ತಾವೇ ನೋಡಿಕೊಳ್ಳುವ ಸ್ಥಿತಿಗೆ ಮರಳಿದವರು ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 32.6, ಉಳಿದವರಲ್ಲಿ ಶೇ. 19.1. ಸಾವಿನ ಪ್ರಮಾಣದಲ್ಲಾಗಲಿ, ಮಿದುಳಿನೊಳಗೆ ರಕ್ತಸ್ರಾವವಾಗಿ ರೋಗ ಉಲ್ಬಣಿಸಿದ್ದರಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2014ರ ಅಕ್ಟೋಬರಿನಲ್ಲಿ ಇಸ್ತಾಂಬುಲ್‌ನ ಸಮ್ಮೇಳನದಲ್ಲಿ ಈ ಫಲಿತಾಂಶ ಹೊರಬಿದ್ದ ಮೇಲೆ ಬೇರೆ ದೇಶಗಳಲ್ಲಿ ನಡೆಯುತ್ತಿದ್ದ ಇಂಥವೇ ಅಧ್ಯಯನಗಳನ್ನು ಅವಧಿಗೆ ಮುನ್ನ ನಿಲ್ಲಿಸಿ ಲೆಕ್ಕ ನೋಡಲಾಯಿತು. ಎಲ್ಲವೂ ಅದೇ ದಿಕ್ಕನ್ನು ತೋರಿಸಿದವು. ಐದು ಅಧ್ಯಯನಗಳ 1,287 ರೋಗಿಗಳನ್ನು 2016ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಇಬ್ಬರು ಮೂವರಿಗೆ ಹೆಪ್ಪು ತೆಗೆದರೆ ಅವರಲ್ಲಿ ಒಬ್ಬರ ಅಂಗವೈಕಲ್ಯ, ವೈದ್ಯರು ಅದನ್ನು ಅಳೆಯುವ ಮಾಪಕದಲ್ಲಿ, ಕನಿಷ್ಠ ಒಂದು ಮೆಟ್ಟಿಲಾದರೂ ಕಡಿಮೆಯಾಗುತ್ತದೆ ಎಂಬುದು ಸ್ಪಷ್ಟವಾಯಿತು.

ತಾಯಿ, ಈ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಹೆಪ್ಪು ತೆಗೆಸಿಕೊಂಡ ಡಚ್ ರೋಗಿಗಳಲ್ಲೂ ಮೂವರಲ್ಲಿ ಇಬ್ಬರು ಪರರ ಆಸರೆಯಿಲ್ಲದ ಸ್ಥಿತಿಗೆ ಮರಳಲಿಲ್ಲ. ಕೋಲೂರಿಯಾದರೂ ನಡೆದು, ಸ್ನಾನ ಊಟ ತಾವೇ ಮಾಡಿಕೊಳ್ಳುವ ನಿಮ್ಮ ಯಜಮಾನರು ಹಾಗೆ ಮರಳಿದ ಮೂರರಲ್ಲೊಬ್ಬರ ಸಾಲಿನವರು. ಮಾತಿನ ಬಗ್ಗೆ ಈಗಲೇ ಆಸೆ ಬಿಡಬೇಡಿ. ವಾಕ್ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ನಡೆಸಿದರೆ ಸುಧಾರಣೆ ಕಾಣುವವರು ಬಹಳ ಮಂದಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಅದನ್ನು ಕಲಿಸುವವರಿದ್ದಾರೆ. ಹೃದಯದ ಬಡಿತ ತಾಳ ತಪ್ಪಿ ಹೆಪ್ಪು ಅಲ್ಲಿಂದ ಬಂದಿತ್ತೇ ಎಂಬುದನ್ನು ಪರೀಕ್ಷಿಸಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ಕೊಟ್ಟಿರುವ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತಾಯಿ ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಮಲಗಿದ್ದರು. ಬೆಳಿಗ್ಗೆ ಆರಕ್ಕೆ ಎಬ್ಬಿಸಿದಾಗ ಬಾಯಿ ಸೊಟ್ಟಗಾಗಿತ್ತು, ಎಡಗೈ ಏಳುತ್ತಿರಲಿಲ್ಲ. ಇಂಥವರಿಗೆ ಸಮಯ ಯಾವಾಗಿನಿಂದ ಶುರು? ಈಗ 24 ಗಂಟೆ ಅವಕಾಶವಿದೆ ಎಂದು ಓದಿದೆ. ಹಾಗಾದರೆ ಮಧ್ಯಾಹ್ನದವರೆಗೆ ನೋಡಿ ಹೊರಡಬಹುದೇ?
— ಓದುಗರೊಬ್ಬರು, ಡೊಂಬಿವಲಿ, ಮಹಾರಾಷ್ಟ್ರ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರು ಸಮಯವನ್ನು ಎಣಿಸುವುದು ರೋಗಿಯನ್ನು ಕೊನೆಯ ಬಾರಿ ಚೆನ್ನಾಗಿದ್ದಂತೆ ಕಂಡ ಗಳಿಗೆಯಿಂದ. ನಿಮ್ಮ ತಾಯಿಯ ಲೆಕ್ಕ ರಾತ್ರಿ ಹತ್ತರಿಂದಲೇ ಆರಂಭ. ಹಿಂದೆ ಇಂಥವರನ್ನು ಹೊತ್ತು ಮೀರಿದವರೆಂದು ಕೈಬಿಡಲಾಗುತ್ತಿತ್ತು. 2018ರಲ್ಲಿ ಪ್ರಕಟವಾದ ‘ಡಾನ್’ ಅಧ್ಯಯನ 6ರಿಂದ 24 ಗಂಟೆಯೊಳಗೆ ಬಂದ 206 ರೋಗಿಗಳನ್ನು ನೋಡಿತು: ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 49, ಉಳಿದವರಲ್ಲಿ ಶೇ. 13 ಮಂದಿ ಸ್ವತಂತ್ರವಾಗಿ ಬದುಕುವ ಸ್ಥಿತಿಗೆ ಬಂದರು. ಈ ದೊಡ್ಡ ಅಂತರವನ್ನು ಕಂಡು ತಡವಾದರೂ ನಡೆದೀತೆಂದು ತಿಳಿಯುವುದು ತಪ್ಪು. ಅಧ್ಯಯನಕ್ಕೆ ಆಯ್ದುಕೊಂಡದ್ದು, ಅಷ್ಟು ಹೊತ್ತಾದರೂ ಸತ್ತ ಭಾಗ ಚಿಕ್ಕದಾಗಿಯೇ ಉಳಿದಿದೆ ಎಂದು ಸ್ಕ್ಯಾನ್ ತೋರಿಸಿದವರನ್ನು ಮಾತ್ರ. ಅವರ ಪಕ್ಕದ ಸಣ್ಣ ನಾಳಗಳು ಮಿದುಳನ್ನು ಕಾಪಾಡುತ್ತಿದ್ದವು. ನಿಮ್ಮ ತಾಯಿಯ ನಾಳಗಳು ಹಾಗೆ ಕಾಪಾಡುತ್ತವೆಯೋ ಇಲ್ಲವೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗದು, ಮಧ್ಯಾಹ್ನದ ಹೊತ್ತಿಗೆ ಉಳಿಸಲು ಏನೂ ಇಲ್ಲದಿರಬಹುದು. ಅದೇ ವರ್ಷ ಹ್ಯಾಂಬರ್ಗಿನ ಸಂಶೋಧಕರ ನೇತೃತ್ವದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ನಿದ್ದೆಯಲ್ಲಿ ಪಾರ್ಶ್ವವಾಯು ಆದವರಲ್ಲೂ ಎಂಆರ್‌ಐ ಚಿತ್ರ ನೋಡಿ ತಕ್ಕವರನ್ನು ಆರಿಸಿದರೆ ಇಂಜೆಕ್ಷನ್ ಕೂಡ ಫಲಿಸುತ್ತದೆ ಎಂದು ತೋರಿಸಿದೆ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಹೃದಯಾಘಾತಕ್ಕೆ ಕೊಡುವ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಮದ್ದು ಇರುತ್ತದೆ. ಸಿಟಿ ಸ್ಕ್ಯಾನ್ ಇಲ್ಲ. ಪಾರ್ಶ್ವವಾಯು ಎಂದು ಖಚಿತವಾದವರಿಗೆ ಅದನ್ನೇ ಕೊಟ್ಟು ಮುಂದೆ ಕಳಿಸಬಾರದೇಕೆ?
— ಶುಶ್ರೂಷಕಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಕಳಕಳಿ ಅರ್ಥವಾಗುತ್ತದೆ, ಮದ್ದಿನ ಬಗ್ಗೆ ನಿಮ್ಮ ಊಹೆಯೂ ಸರಿ. ಸುಮಾರು 1,600 ರೋಗಿಗಳನ್ನು ಸೇರಿಸಿಕೊಂಡು ಕೆನಡಾದಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟೆನೆಕ್ಟಿಪ್ಲೇಸ್ ಆಲ್ಟಿಪ್ಲೇಸಿಗೆ ಕಡಿಮೆಯಿಲ್ಲವೆಂದು ಸಿದ್ಧವಾಗಿದೆ. ಅದನ್ನು ಒಂದು ಗಂಟೆ ಹನಿಸಬೇಕಿಲ್ಲ, ಒಂದೇ ಬಾರಿಗೆ ಕೊಟ್ಟು ಮುಗಿಸಬಹುದು. ಆದರೆ ಮಿದುಳಿನ ನಾಳ ಮುಚ್ಚಿದರೂ ಕೈಕಾಲು ಬೀಳುತ್ತದೆ, ನಾಳ ಒಡೆದು ರಕ್ತ ಸೋರಿದರೂ ಬೀಳುತ್ತದೆ. ಹೊರಗಿನಿಂದ ನೋಡಿ ಯಾವ ಅನುಭವಿ ವೈದ್ಯರೂ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾರರು. ಎರಡನೆಯವರಿಗೆ ಈ ಮದ್ದು ಪ್ರಾಣಾಂತಿಕ. ಪ್ರಮಾಣವೂ ಬೇರೆ: ಕೆನಡಾದ ಅಧ್ಯಯನದಲ್ಲಿ ತೂಕದ ಪ್ರತಿ ಕಿಲೋಗೆ 0.25 ಮಿಲಿಗ್ರಾಂ, ಒಟ್ಟು 25 ಮಿಲಿಗ್ರಾಂ ಮೀರದಂತೆ ಕೊಡಲಾಯಿತು. ಹೃದಯಕ್ಕೆ ಇದರ ಸುಮಾರು ಇಮ್ಮಡಿ ಬೇಕಾಗುತ್ತದೆ.

ನೀವು ಮಾಡಬಹುದಾದ ಕೆಲಸ ಬೇರೆಯೇ ಇದೆ, ಅದು ಚಿಕ್ಕದಲ್ಲ. ಸಕ್ಕರೆ ಅಂಶ ಪರೀಕ್ಷಿಸಿ, ಏಕೆಂದರೆ ಸಕ್ಕರೆ ತೀರ ಇಳಿದಾಗಲೂ ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಲು ಬಿಡಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ರೋಗಿ ಹೊರಡುವ ಮುನ್ನವೇ ಫೋನ್ ಮಾಡಿ ತಿಳಿಸಿ. ಕಳಿಸುವ ಚೀಟಿಯ ಮೇಲ್ಭಾಗದಲ್ಲಿ ಎರಡು ಸಾಲು ದಪ್ಪಕ್ಷರದಲ್ಲಿ ಬರೆಯಿರಿ: ರೋಗಿಯನ್ನು ಕೊನೆಯ ಬಾರಿ ಚೆನ್ನಾಗಿದ್ದಂತೆ ಯಾರು ಎಷ್ಟು ಗಂಟೆಗೆ ಕಂಡರು ಎಂಬುದು, ಮತ್ತು ರಕ್ತ ತೆಳುವಾಗಿಸುವ ಯಾವ ಮಾತ್ರೆಯನ್ನು ಅವರು ಯಾವಾಗ ನುಂಗಿದರು ಎಂಬುದು. ಹಾಗೆ ಕಂಡ ವ್ಯಕ್ತಿಯನ್ನೇ, ಸಾಧ್ಯವಾದರೆ, ಆಂಬುಲೆನ್ಸಿನಲ್ಲಿ ಜೊತೆಗೆ ಕೂರಿಸಿ ಕಳಿಸಿ.